ಕೈಗೆ ಹತ್ತಿದ ಅರಿಶಿನ

ಗುತ್ತಲು, ಮಂಡ್ಯ
೭ನೆಯ ನವೆಂಬರ್ ೧೯೩೬, ಶನಿವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹಾಕುವ ಕೆಲಸವನ್ನು ನೀನೇ ಹಚ್ಚಿಕೊಂಡಿರುತ್ತೀಯ, ಬೇಡವೆಂದರೆ ಕೇಳುವವಳಲ್ಲ. ಬಚ್ಚಲ ಮೆಟ್ಟಿಲು ಜಾರುತ್ತದೆ, ಜೋಪಾನ. ಕನಕಲಕ್ಷ್ಮಿ ಅತ್ತಿಗೆಗೆ ಹಾಲು ಚೆನ್ನಾಗಿ ಬರುತ್ತಿದೆಯೆ? ಅವಳಿಗೆ ತಾಯಿಯಿಲ್ಲದ ಕೊರತೆ ಕಾಣದ ಹಾಗೆ ನೀನು ಬಾಣಂತನ ಮಾಡುತ್ತಿದ್ದೀಯೆಂದು ಕೇಳಿ ಸಂತೋಷವಾಯಿತು. ಮಗು ಯಾರ ಹಾಗಿದೆ? ಅಣ್ಣನ ಮೂಗು ಬಂದಿದ್ದರೆ ದೇವರೇ ಕಾಪಾಡಬೇಕು. ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಮುಂದಿನದನ್ನು ಓದಿದರೆ ನನಗೆ ತಲೆ ಕೆಟ್ಟಿದೆಯೆಂದು ನಿನಗೆ ಅನ್ನಿಸಬಹುದು. ಈ ಕಾಗದವನ್ನು ನೀನೇ ಓದಿಕೊ. ಕನ್ನಡಕ ಸಿಗದಿದ್ದರೆ ಅತ್ತಿಗೆ ಓದಲಿ. ಅಣ್ಣನ ಕೈಗೆ ಮಾತ್ರ ಕೊಡಬೇಡ, ಅವನಿಗೆ ಬೇಡವಾದ ಸಾಲುಗಳನ್ನು ನುಂಗಿಕೊಂಡು ಓದುತ್ತಾನೆ.

ಅಣ್ಣನ ಕಾಗದ ಬಂತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ತಂಗಿಗೆ ಬರೆಯುವ ಕಾಗದವೂ ಹುಕುಂ ಆಗಿದೆ. ಗಂಡುಮಗುವಾಗಿದೆಯೆಂದು ಒಂದು ಸಾಲು, ಉಳಿದದ್ದೆಲ್ಲ ಅಪ್ಪಣೆ. ನಾನು ಮನೆಯ ಗೋಡೆಗೆ ಹಾಕಿರುವ ಹೊಲಿಗೆಯ ಬೋರ್ಡು ತೆಗೆಯಬೇಕಂತೆ. ಹೊಲಿಗೆಯ ಯಂತ್ರವನ್ನು ಯಾರಿಗಾದರೂ ಮಾರಿ ಮಳವಳ್ಳಿಗೆ ಬಂದು ಅವನ ಮನೆಯಲ್ಲಿ ಇರಬೇಕಂತೆ. ಬುಧವಾರ ನಾಮಕರಣ, ನಾನು ಗುರುವಾರ ಬಂದು ಮಗುವನ್ನು ನೋಡಬಹುದಂತೆ. ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಸೋದರತ್ತೆಯ ಜಾಗದಲ್ಲಿ ಚೂಡಾಮಣಿ ಚಿಕ್ಕಮ್ಮ ಕೂರುತ್ತಾಳಂತೆ. ಕೊನೆಯಲ್ಲಿ ಒಂದು ಪ್ರಶ್ನೆ: 'ನಿನ್ನ ಕೈಯಲ್ಲಿ ಅರಿಶಿನವಿದ್ದದ್ದನ್ನು ಚಿಕ್ಕಮ್ಮ ಕಣ್ಣಾರೆ ಕಂಡಳಂತೆ, ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಇದು ನಿಜವೇ?'

ನಿಜ ಅಮ್ಮಾ. ಎರಡೂ ಕೈಗೆ ಹತ್ತಿತ್ತು, ಮೊಣಕೈವರೆಗೂ. ಹೇಗೆ ಹತ್ತಿತೆಂದು ಚಿಕ್ಕಮ್ಮ ಕೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ನೀನಾದರೂ ಕೇಳು, ಆಮೇಲೆ ಊಟ ಮಾಡು.

ನಿನ್ನ ಅಳಿಯ ಹೋದದ್ದು ಯಾವುದರಿಂದ ಎಂದು ನಿನಗೆ ಗೊತ್ತು. ನಾಲೆಯ ಮೇಲೆ ಓವರ್ಸಿಯರ್ ಆಗಿದ್ದವರು ಚಳಿಜ್ವರ ಹಿಡಿಸಿಕೊಂಡು ಬಂದು ಇದೇ ನಡುಮನೆಯಲ್ಲಿ ಮಲಗಿದರು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಅವರ ಸಾಮಾನು ತರಲು ನಾಲೆಯ ಡೇರೆಗಳ ಹತ್ತಿರ ಹೋದಾಗ ನಾನು ಒಂದು ನೋಡಿದೆ. ದೊಡ್ಡ ಇಂಜಿನಿಯರ ಡೇರೆಯಲ್ಲಿ ಮಂಚದ ಸುತ್ತ ತೆಳು ಬಟ್ಟೆಯ ಪರದೆ ಇಳಿಬಿಟ್ಟಿದ್ದರು. ಇವರ ಡೇರೆಯಲ್ಲಿ ಚಾಪೆ, ತಲೆದಿಂಬು, ಅಷ್ಟೆ. ಅದು ಯಾತಕ್ಕೆ ಎಂದು ಕೇಳಿದೆ, ಸೊಳ್ಳೆಗೆ ಎಂದರು. ಅಮ್ಮಾ, ಅದು ಬರಿಯ ಬಟ್ಟೆ! ನನಗೆ ಗೊತ್ತಿದ್ದರೆ ಒಂದು ಮಧ್ಯಾಹ್ನದಲ್ಲಿ ಹೊಲಿದುಕೊಡುತ್ತಿದ್ದೆ. ನಾನು ಹೊಲಿಗೆಯ ಹುಚ್ಚಿ ಎಂದು ನೀನೇ ಅನ್ನುತ್ತಿದ್ದೆಯಲ್ಲ, ನಿನ್ನ ಹೊಸ ರವಿಕೆಯನ್ನು ಬಿಚ್ಚಿ ಬೊಂಬೆಗೆ ಅಂಗಿ ಹೊಲಿದು ಏಟು ತಿಂದವಳು. ಆ ಹುಚ್ಚು ನೋಡಿಯೇ ಇವರು ಮೈಸೂರಿನಿಂದ ಯಂತ್ರ ತಂದುಕೊಟ್ಟದ್ದು. ಸಂಜೆ ಪಕ್ಕದಲ್ಲಿ ಕೂತು ಅದರ ಹಿಡಿ ತಿರುಗಿಸಿಕೊಡುತ್ತಿದ್ದರು. ಅದನ್ನು ಮಾರು ಎನ್ನುತ್ತಾನೆ ಅಣ್ಣ. ಅವನಿಗೆ ನಾಚಿಕೆಯಾಗಬೇಕು.

ಈಗ ಇಲ್ಲಿ ಎಲ್ಲೆಲ್ಲೂ ನೀರು. ಗುತ್ತಲಿನ ಸುತ್ತ ಗದ್ದೆ, ಕಬ್ಬು, ನೋಡುವುದಕ್ಕೆ ಎರಡು ಕಣ್ಣು ಸಾಲದು. ದೀಪ ಹಚ್ಚುವ ಹೊತ್ತಿಗೆ ಸೊಳ್ಳೆ ಬಾಯೊಳಕ್ಕೆ ಬರುತ್ತದೆ. ಸರ್ಕಾರದವರು ಕ್ವಿನೈನ್ ಕೊಡುತ್ತಾರೆ, ದೊಡ್ಡವರು ಮುಖ ಹುಳ್ಳಗೆ ಮಾಡಿಕೊಂಡು ನುಂಗುತ್ತಾರೆ. ಹಸುಗೂಸುಗಳ ಗತಿಯೇನು? ಪಕ್ಕದ ಮನೆಯ ಮಂಚಮ್ಮ ನಿನಗೆ ನೆನಪಿರಬೇಕು, ಸೊಸೆಯ ಮೇಲೆ ಕೂಗಿದರೆ ರೈಲು ಸ್ಟೇಷನ್ನಿಗೆ ಕೇಳುತ್ತದೆ ಎಂದು ನೀನು ನಗುತ್ತಿದ್ದೆ. ಅವಳ ಸೊಸೆಗೆ ಗಂಡುಮಗುವಾಯಿತು. ಅದರ ಹಿಂದಿನದು ಚಳಿಜ್ವರ ಬಂದು ಹೊಟ್ಟೆಯಲ್ಲಿ ಜ್ವರಗಡ್ಡೆಯಾಗಿ ಹೋಗಿತ್ತು. ನಾನು ಬೆಂಗಳೂರಿನಿಂದ ಸೊಳ್ಳೆಪರದೆಯ ಬಟ್ಟೆ ತರಿಸಿ, ತೊಟ್ಟಿಲಿನ ಅಳತೆಗೆ ಕತ್ತರಿಸಿ, ಅಂಚಿಗೆ ನೆರಿಗೆ ಕೊಟ್ಟು ಹೊಲಿದೆ. ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. ಹೆಮ್ಮೆಯಿಂದ ತೊಟ್ಟಿಲಿನ ಮೇಲೆ ಇಳಿಬಿಟ್ಟೆ.

ಮಂಚಮ್ಮ ಹಿತ್ತಲಿನಿಂದ ಬಂದವಳು ಕಿಟಾರನೆ ಕಿರುಚಿದಳು. 'ಏನ್ ಅಮ್ಮಾರೆ, ಬುದ್ಧಿ ಗಿದ್ಧಿ ಅದಾ ನಿಮ್ಗೆ? ಕೂಸಿನ್ ಮ್ಯಾಲೆ ಎಣದ್ ಬಟ್ಟೆ ಒದಿಸ್ತೀರಲ್ಲಾ!' ಪರದೆಯನ್ನು ಕಿತ್ತು ನನ್ನ ಮಡಿಲಿಗೆ ಹಾಕಿದಳು. ಅದಕ್ಕೂ ಮೊದಲು ಇನ್ನೆರಡು ಮನೆಗೆ ಕೊಟ್ಟಿದ್ದೆ, ಅವರೂ ಮಾತಾಡದೆ ಹಿಂದಕ್ಕೆ ತಂದಿಟ್ಟರು. ನನಗೆ ಏನು ಹೊಳೆಯಿತು ಹೇಳು? ನಿನಗೆ ಹೊಳೆಯುವುದೇ ನನಗೂ ಹೊಳೆಯಿತು. ಗಂಡ ಸತ್ತವಳ ಕೈಯಿಂದ ಬಂದದ್ದು ತೊಟ್ಟಿಲಿಗೆ ಬೇಡವಾಯಿತು ಎಂದುಕೊಂಡೆ. ಯಂತ್ರಕ್ಕೆ ಬಟ್ಟೆ ಮುಚ್ಚಿ ಕೆಲವು ದಿನ ಅದರ ಕಡೆ ನೋಡಲಿಲ್ಲ. ಕೊನೆಗೆ ಸಿಟ್ಟು ತಡೆಯದೆ ಒಂದು ದಿನ ಬಾವಿಕಟ್ಟೆಯಲ್ಲಿ ಮಂಚಮ್ಮನನ್ನು ಕೇಳಿಯೇಬಿಟ್ಟೆ, ನನ್ನ ಕೈ ಅಷ್ಟು ಕೆಟ್ಟದ್ದೇನೇ ಎಂದು. ಅವಳು ಬಿಂದಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. 'ನಿಮ್ ಕೈಗೇನ್ ಬಂದದೆ ಅಮ್ಮಾರೆ? ಕೈ ಚೆನ್ನಾಗೇ ಅದೆ. ಬಟ್ಟೆ ಬಿಳೀದು ಕಣ್ರವ್ವಾ, ಬಟ್ಟೆ! ಬಿಳೀದು ಒದಿಸಿ ಮನಗ್ಸೋದು ಯಾರ್ನಾ? ಬಣ್ಣ ಆಕ್ಕೊಡಿ, ಇವತ್ತೇ ಕಟ್ತೀನಿ.'

ಅಮ್ಮಾ, ನಾನು ನಕ್ಕುಬಿಟ್ಟೆ. ಕೊಡ ಬಾವಿಗೆ ಬೀಳುವಷ್ಟು ನಕ್ಕೆ. ದೋಷ ಇದ್ದದ್ದು ಬಟ್ಟೆಯಲ್ಲಿ! ಅದಕ್ಕೆ ಮದ್ದು ಅಂಗಡಿಯಲ್ಲಿ ಸಿಗುತ್ತದೆ. ಅರಿಶಿನದ ಕೊಂಬು ತಂದು ಕುಟ್ಟಿ, ಪಟಿಕ ಹಾಕಿ ಹಂಡೆಯಲ್ಲಿ ಕುದಿಸಿದೆ. ಆರಿದ ಮೇಲೆ ಬಟ್ಟೆ ಅದ್ದಬೇಕು. ಕೋಲಿನಿಂದ ತಿರುವಬಹುದಾಗಿತ್ತು, ಮೊದಲು ಹಾಗೇ ಮಾಡಿದೆ, ಬಣ್ಣ ಅಲ್ಲೊಂದು ಇಲ್ಲೊಂದು ಹಿಡಿಯಿತು. ಕೈಯಲ್ಲೇ ಹಿಸುಕಬೇಕು. ಹಂಡೆಯ ಮುಂದೆ ನಿಂತು ಸೆರಗು ಸಿಕ್ಕಿಸಿಕೊಂಡೆ. ಇವರು ಹೋದ ಮೇಲೆ ಮೈಗೆ ಅರಿಶಿನ ಸೋಕಿಸಿಕೊಂಡವಳಲ್ಲ. ಆಮೇಲೆ ಬಳೆಯಿಲ್ಲದ ಎರಡೂ ಕೈಯನ್ನು ಅದರೊಳಗೆ ಇಳಿಸಿದೆ. ಆ ವಾಸನೆ ಬಂತು ನೋಡು, ಮದುವೆಯ ಬೆಳಿಗ್ಗೆ ನೀನು ನನ್ನ ಕೆನ್ನೆಗೆ ಹಚ್ಚಿದ್ದು ಹಾಗೇ ಕಣ್ಣೆದುರಿಗೆ ಬಂತು. ಅತ್ತುಬಿಟ್ಟೆ. ಅತ್ತು ಮೂಗು ಒರಸಿಕೊಂಡೆ, ಮೂಗಿಗೂ ಅರಿಶಿನವಾಯಿತು. ಕೆಲಸ ಬಿಡಲಿಲ್ಲ.

ಚಿಕ್ಕಮ್ಮ ಬಂದದ್ದು ಆ ಹೊತ್ತಿಗೇ. ಅವಳ ಕಾಲಿಗೆ ಯಾರ ಮನೆಯ ಒಲೆ ಯಾವಾಗ ಉರಿಯುತ್ತದೆಂದು ಗೊತ್ತಾಗುತ್ತದೆ. ಹಿತ್ತಲ ಬಾಗಿಲಲ್ಲಿ ನಿಂತು 'ಏನೇ ವೇದಾ, ಏನೇ ಇದು ಕೈಯಲ್ಲಿ! ಯಾರಿಗಾಗಿ ಹಚ್ಚಿಕೊಂಡೆಯೇ?' ಎಂದಳು. ಕೇಳಿದ ರೀತಿ ನಿನಗೆ ಬರೆಯಲಾರೆ. ನಾನು ಕೈ ಒರಸಿಕೊಳ್ಳಲಿಲ್ಲ, ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳಲೂ ಇಲ್ಲ. 'ಊರಿನ ಮಕ್ಕಳಿಗಾಗಿ ಚಿಕ್ಕಮ್ಮಾ, ಒಳಗೆ ಬನ್ನಿ, ಒಂದು ತುದಿ ಹಿಡಿದುಕೊಳ್ಳಿ, ಹಿಂಡೋಣ' ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಆ ಸುದ್ದಿಯನ್ನು ಇಷ್ಟು ದಿನ ಸೆರಗಿಗೆ ಕಟ್ಟಿಕೊಂಡಿದ್ದು, ಈಗ ಮಳವಳ್ಳಿಗೆ ಬಂದಾಗ ಬಿಚ್ಚಿದಳು ಎಂದು ಕಾಣುತ್ತದೆ.

ಹಳದಿ ಪರದೆಯನ್ನು ಮಂಚಮ್ಮ ಅದೇ ಸಂಜೆ ಕಟ್ಟಿದಳು. ಅಷ್ಟಕ್ಕೇ ಬಿಡಲಿಲ್ಲ. ಮದ್ದೂರಿನ ಸಂತೆಗೆ ಹೋಗೋಣ ನಡೀರಿ ಎಂದು ನನ್ನನ್ನು ರೈಲು ಹತ್ತಿಸಿದಳು. ನಾನು ಸಂತೆಯಲ್ಲಿ ಗೋಣಿತಾಟಿನ ಮೇಲೆ ಕೂತೆ, ಹೌದು, ಅದೂ ನಿಜ, ಚಿಕ್ಕಮ್ಮನಿಗೆ ಇನ್ನೂ ಗೊತ್ತಿಲ್ಲದಿದ್ದರೆ ನೀನೇ ಹೇಳಿಬಿಡು. ಎತ್ತು ಬಿಚ್ಚಿ ನಿಲ್ಲಿಸಿದ್ದ ಯಾರದೋ ಗಾಡಿಯ ಮೂಕಿಮರಕ್ಕೆ ಮಂಚಮ್ಮ ಜೋಲಿ ಕಟ್ಟಿ, ಮೊಮ್ಮಗನನ್ನೇ ಅದರಲ್ಲಿ ಮಲಗಿಸಿ, ಮೇಲೆ ಪರದೆ ಇಳಿಬಿಟ್ಟು ಕೂಗಿದಳು: 'ಬನ್ರವ್ವಾ, ನೋಡ್ರವ್ವಾ, ನಮ್ ಕೂಸು ಎಂಗೆ ಮನಗದೆ! ಒಳೀಕೆ ಒಂದ್ ಸೊಳ್ಳೆ ಓದ್ರೆ ಪರದೆ ವಾಪಸ್ ತಂದು ನನ್ ತಲೆ ಮ್ಯಾಲಾಕಿ ಕಣ್ರವ್ವಾ!' ಬಳೆಗಾರನ ಹತ್ತಿರ ಇದ್ದವರೆಲ್ಲ ನಮ್ಮ ಕಡೆಗೆ ಬಂದರು. ಬಸುರಿ ಮಗಳಿಗೆ ಮಡಿಲು ತುಂಬುವ ಸಾಮಾನು ಕೊಳ್ಳಲು ಬಂದ ತಾಯಂದಿರು ಸೀರೆ, ಕೊಬ್ಬರಿಯ ಜೊತೆಗೆ ಒಂದು ಪರದೆಯನ್ನೂ ಇಟ್ಟುಕೊಂಡು ಹೋದರು. ಈಗ ಆ ಕಡೆ ಹಳ್ಳಿಗಳಲ್ಲಿ ತವರಿನಿಂದ ತೊಟ್ಟಿಲಿನ ಜೊತೆಗೆ ಹಳದಿ ಪರದೆಯೂ ಬರಬೇಕು ಎನ್ನುತ್ತಾರಂತೆ. ಕಾಸಿಲ್ಲದವರು ರಾಗಿ ತಂದು ಸುರಿಯುತ್ತಾರೆ, ಹುಣಿಸೆಹಣ್ಣು ತರುತ್ತಾರೆ. ಏನೂ ಇಲ್ಲದವರು ಸುಗ್ಗಿಗೆ ಕೊಡುತ್ತೇವೆ ಎನ್ನುತ್ತಾರೆ, ಹಾಗೇ ಕೊಡುತ್ತೇನೆ. ತೊಟ್ಟಿಲಿನಲ್ಲಿ ಮಗುವಿದ್ದ ಮೇಲೆ ಸುಗ್ಗಿಯವರೆಗೆ ಕಾಯಿರಿ ಎನ್ನಲು ನನ್ನಿಂದಾಗದು.

ಪೇಟೆಯ ಜವಳಿ ಅಂಗಡಿಯವರೊಬ್ಬರು ಮನೆಗೇ ಬಂದಿದ್ದರು. ಕಣ್ಣು ದೊಡ್ಡದಾದ ಜಾಳು ಬಟ್ಟೆ ಅವರಲ್ಲಿ ಅಗ್ಗವಂತೆ, ಅದರಲ್ಲಿ ಹೊಲಿದರೆ ಎಲ್ಲವನ್ನೂ ತಾವೇ ಕೊಳ್ಳುತ್ತಾರಂತೆ, ಹಳ್ಳಿಯವರಿಗೆ ಏನು ಗೊತ್ತಾಗುತ್ತದೆ ಎಂದರು. ನಾನು ಆ ಬಟ್ಟೆಯ ತುಂಡನ್ನು ಜಗುಲಿಯ ಬೆಳಕಿಗೆ ಹಿಡಿದೆ. ಅದರಲ್ಲಿ ಸೊಳ್ಳೆಯಲ್ಲ, ಜೀರುಂಡೆ ಸಂಸಾರ ಸಮೇತ ಹೋಗಬಹುದು. ಕಾಫಿ ಕೊಟ್ಟು ಕಳಿಸಿದೆ. ಹೋಗುವಾಗ 'ಹೆಂಗಸರ ವ್ಯಾಪಾರ ಎಷ್ಟು ದಿನ' ಎಂದರು. ನೋಡುತ್ತಿರಿ ಎಂದೆ.

ಆದ್ದರಿಂದ ಅಣ್ಣನಿಗೆ ಹೇಳು. ಬೋರ್ಡು ತೆಗೆಯುವುದಿಲ್ಲ. 'ವೇದವತಮ್ಮನ ತೊಟ್ಟಿಲ ಪರದೆ' ಎಂದು ನಾನೇ ಬರೆದದ್ದು, ಅಕ್ಷರ ಸ್ವಲ್ಪ ಸೊಟ್ಟಗಿದೆ, ಬೇಕಾದರೆ ಬಂದು ನೆಟ್ಟಗೆ ಬರೆದುಕೊಡಲಿ. ಯಂತ್ರ ಮಾರುವುದಿಲ್ಲ. ಅವನ ಮನೆಯ ಅಡಿಗೆಮನೆಯ ಮೂಲೆಯಲ್ಲಿ ಕೂತು, ಶುಭಕಾರ್ಯ ಬಂದಾಗಲೆಲ್ಲ ಹಿತ್ತಲಿಗೆ ಎದ್ದುಹೋಗುವ ಬಾಳು ನನಗೆ ಬೇಡ. ಅವನು ಕೆಟ್ಟವನಲ್ಲ, ನನಗೆ ಗೊತ್ತು. ಇವರು ಮಲಗಿದ್ದಾಗ ಮಳೆಯಲ್ಲಿ ನೆನೆದುಕೊಂಡು ಡಾಕ್ಟರನ್ನು ಕರೆತಂದವನು ಅವನೇ. ಆದರೆ ನನ್ನನ್ನು ಸಾಕುತ್ತೇನೆ ಎನ್ನುವವನಿಗೆ ನಾನು ಅವನ ಮಗುವಿನ ಹತ್ತಿರ ಬರುವುದು ಭಯ! ಊರಿನವರ ಕೂಸುಗಳು ನಾನು ಹೊಲಿದದ್ದರ ಕೆಳಗೆ ನಿದ್ದೆ ಮಾಡುತ್ತವೆ. ನನ್ನ ಅಣ್ಣನ ಮಗನಿಗೆ ಮಾತ್ರ ನಾನು ಅಪಶಕುನವೆ? ನನಗೆ ಇದು ನೋವಾಗಿದೆ ಅಮ್ಮಾ, ಬಹಳ ನೋವಾಗಿದೆ. ಗುರುವಾರ ನಾನು ಬರುವುದಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮಂಡಿಗೆ ಎಣ್ಣೆ ತಿಕ್ಕಿಸಿಕೊ. ಅತ್ತಿಗೆಗೆ ನನ್ನ ಪ್ರೀತಿ, ಅಣ್ಣನಿಗೆ ಸಿಟ್ಟಿನ ಸಮೇತ ನಮಸ್ಕಾರ. ಮಗುವಿಗೆ ನಾನು ಮನಸಾರೆ ಆಶೀರ್ವಾದ ಮಾಡುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಿನ್ನ ಕಾಲಿಗೆ ಇಲ್ಲಿಂದಲೇ ಅಡ್ಡ ಬಿದ್ದೆ.

ನಿನ್ನ ಮಗಳು,
ವೇದವತಿ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ಮಂಚಮ್ಮನ ಗಂಡ ಚಿಕ್ಕಬೋರಯ್ಯ 'ಬಸ್ಸು ಒಂಟೋಯ್ತದೆ ಅಮ್ಮಾರೆ' ಎಂದು ಬಾಗಿಲಲ್ಲಿ ನಿಂತಿದ್ದಾನೆ. ಅವನ ಕೈಯಲ್ಲಿರುವ ಗಂಟಿನಲ್ಲಿ ಒಂದು ಪರದೆಯಿದೆ. ನಮ್ಮಿಬ್ಬರನ್ನೂ ತೂಗಿದ ತೊಟ್ಟಿಲಿನ ಅಳತೆ ನನಗೆ ಬಾಯಿಪಾಠ, ಸರಿಯಾಗಿ ಕೂರುತ್ತದೆ. ನಾಲೆಯ ನೀರು ನಿಮ್ಮ ಕಡೆಗೂ ಬರುತ್ತಿದೆ. ನೀನು ಇದನ್ನು ಕಟ್ಟು, ಇಲ್ಲವೆ ಅವನ ಕೈಯಲ್ಲೇ ಹಿಂದಕ್ಕೆ ಕಳಿಸು, ಇಲ್ಲಿ ಇನ್ನೊಂದು ತೊಟ್ಟಿಲು ಕಾದಿದೆ. ಅಣ್ಣನಿಗೆ ಹೆದರಿ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡ. ಇನ್ನೊಂದು. ಅಂಚು ಹೊಲಿಯುತ್ತ ನಾನು ಆರಿಸಿಟ್ಟ ಹೆಸರನ್ನು ಆ ಬಟ್ಟೆಯೊಳಗೆ ಮೂರು ಸಲ ಉಸುರಿಬಿಟ್ಟಿದ್ದೇನೆ. ಬುಧವಾರ ಚಿಕ್ಕಮ್ಮ ಏನು ಬೇಕಾದರೂ ಹೇಳಿಕೊಳ್ಳಲಿ, ಸೋದರತ್ತೆಯ ಕೆಲಸ ಮುಗಿದಿದೆ. ಸಂಜೆ ಬಸ್ಸು ಬರುವ ಹೊತ್ತಿಗೆ ನಾನು ಜಗುಲಿಯಲ್ಲಿ ಕೂತಿರುತ್ತೇನೆ. ಚಿಕ್ಕಬೋರಯ್ಯ ಬರಿಗೈಯಲ್ಲಿ ಬರಲಿ ಅಮ್ಮಾ.