ಕೋಟು ತೊಟ್ಟು ಹೋದ ಮನೆ

ರಾವಂದೂರು

ಸಂಯೋಜಕರಾದ ಉಮಾಶಂಕರ ಅವರಿಗೆ,

ನೀವು ಹೊಲಿಸಿದ ಕೋಟುಗಳನ್ನು ಉಳಿದ ಸ್ವಯಂಸೇವಕಿಯರಿಗೆ ದಯವಿಟ್ಟು ಹಂಚಬೇಡಿ. ನನ್ನದನ್ನು ಒಂದು ಸಲ ತೊಟ್ಟು ನೋಡಿದೆ. ಬೆನ್ನ ಮೇಲೆ ‘ಎಚ್‌ಐವಿ ಮನೆ ಆರೈಕೆ ಸ್ವಯಂಸೇವಕಿ’ ಎಂದು ದೊಡ್ಡದಾಗಿ ಬರೆಸಿದ್ದೀರಿ.

ಇಷ್ಟು ವರ್ಷ ಕಾಯಿಲೆಯವರ ಮನೆಗೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಹೋಗುತ್ತಿದ್ದೆ. ರವಿಕೆ ಅಳತೆಗೆ ಬಂದವಳು ಬಾಗಿಲು ಹಾಕಿಕೊಂಡರೆ ಯಾರೂ ಏಕೆಂದು ಕೇಳುವುದಿಲ್ಲ. ಒಳಗೆ ಮಾತ್ರೆ ಕೊಟ್ಟು, ಹುಣ್ಣು ತೊಳೆದು ಬರುತ್ತಿದ್ದೆ. ಮೊನ್ನೆ ಕೋಟು ತೊಟ್ಟು ಕಂಪಲಾಪುರದಲ್ಲಿ ಭಾಗ್ಯಳ ಮನೆಯ ಮುಂದೆ ನಿಂತೆ. ಎದುರುಮನೆಯಾಕೆ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಓಹೋ, ಭಾಗ್ಯಂಗೂ ಆ ಕಾಯ್ಲೆನಾ? ಅದ್ಕೇ ಕಣವ್ವ ಅಂಗೆ ಸೊರಗೋಗವ್ಳೆ! ಈ ಟೇಲರಮ್ಮಂಗೂ ಅದೇಯಾ?”

ಭಾಗ್ಯ ಬಾಗಿಲು ತೆಗೆಯಲಿಲ್ಲ. “ನಿನ್ ದಮ್ಮಯ್ಯ, ಓಗಕ್ಕ” ಎಂದು ಒಳಗಿನಿಂದಲೇ ಅಂದಳು. ಅವಳ ಮಾತ್ರೆ ನನ್ನ ಚೀಲದಲ್ಲೇ ಉಳಿದಿದೆ.

ನಮಗೊಂದು ಗುರುತು ಬೇಕೆಂದು ನೀವು ಸಭೆಯಲ್ಲಿ ಹೇಳಿದಿರಿ. ಚಪ್ಪಾಳೆಯೂ ಬಿತ್ತು. ಆ ಗುರುತು ಅವಳ ಬಾಗಿಲಿಗೆ ಬಿದ್ದಿದೆ, ಸರ್.

ನಾಳೆ ಇದೇ ಕೋಟು ತೊಟ್ಟು ಆ ಬೀದಿಯ ಪ್ರತಿ ಮನೆಗೂ ಹೋಗುತ್ತೇನೆ. ಎದುರುಮನೆಯಿಂದಲೇ ಶುರುಮಾಡಿ, ಪ್ರತಿ ಜಗಲಿಯಲ್ಲೂ ಎಲ್ಲರಿಗೂ ಕಾಣುವಂತೆ ಕೂರುತ್ತೇನೆ. ಭಾಗ್ಯಳ ಮನೆ ನಡುವೆ ಎಲ್ಲೋ, ಹತ್ತರಲ್ಲೊಂದಾಗಿ ಬರುತ್ತದೆ. ನೀವಾಗಲೀ ಸಭೆಗೆ ಬಂದಿದ್ದ ಫೋಟೋದವರಾಗಲೀ ಆ ಕಡೆ ಬರಬೇಡಿ.

ಇತಿ,
ಸಿದ್ದಲಿಂಗಮ್ಮ, ರವಿಕೆ ಹೊಲಿಯುವವಳು