ಎಡಬದಿಯ ಕುರ್ಚಿ

ಮರವಂತೆ
14 ನವೆಂಬರ್ 2024

ಪ್ರೀತಿಯ ದಿವ್ಯಕ್ಕ,

ನೀನು ಫೋನು ಎತ್ತುತ್ತಿಲ್ಲ, ಹಾಗಾಗಿ ಈ ಕಾಗದ. ಹರಿಯುವ ಮೊದಲು ಒಮ್ಮೆ ಓದು. ಆಮೇಲೆ ಬೇಕಾದರೆ ಹರಿ.

ಕಳೆದ ತಿಂಗಳ ಆ ಭಾನುವಾರ, ಮೂರು ವರ್ಷದ ನಂತರ, ಬ್ರಹ್ಮಾವರದಿಂದ ನೀನು ಮನೆಗೆ ಬಂದೆ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಎರಡು ತಿಂಗಳಾಗಿತ್ತು. ಅವಳ ಎಡಮಗ್ಗುಲಿನ ಕುರ್ಚಿಯಲ್ಲಿ ಕುಳಿತು ನೀನು "ಅಮ್ಮ" ಎಂದೆ. ಅವಳು ನಿನ್ನತ್ತ ನೋಡದೆ ಬಲಕ್ಕೆ ತಿರುಗಿ, ಅಲ್ಲಿ ಕೂತಿದ್ದ ಪಕ್ಕದ ಮನೆಯ ರಾಜೀವಿ ಚಿಕ್ಕಿಯನ್ನು "ಎಂತ?" ಎಂದು ಕೇಳಿದಳು. ಮೂರು ಸಲ ಕರೆದೆ, ಮೂರು ಸಲವೂ ಅದೇ. ತಂದ ಸೀರೆಯನ್ನು ಮಂಚದ ಮೇಲಿಟ್ಟು ಹೊರಟೇಬಿಟ್ಟೆ. ಜಾತಿ ಬಿಟ್ಟು ಮದುವೆಯಾದದ್ದನ್ನು ಅಮ್ಮ ಇನ್ನೂ ಕ್ಷಮಿಸಿಲ್ಲ ಎಂದು ರತೀಶ್ ಭಾವನ ಹತ್ತಿರ ಹೇಳಿಕೊಂಡು ಅತ್ತಿದ್ದೀಯಂತೆ.

ಅದು ಸಿಟ್ಟಲ್ಲ ಅಕ್ಕ. ಅಮ್ಮನ ಲೋಕದಲ್ಲಿ ಎಡಬದಿಯೇ ಇಲ್ಲ. ಆವತ್ತು ನಮಗ್ಯಾರಿಗೂ ಇದು ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಎಡಗೈ ಸ್ವಲ್ಪ ಸೋಲುತ್ತಿತ್ತು, ಅಷ್ಟೇ. ಹಟ ಹಿಡಿದು ಮತ್ತೆ ಮೀನು ಮಾರ್ಕೆಟ್ಟಿಗೆ ಹೊರಟಳು, ಜೊತೆಗೆ ನಾನು. ಬಲಕ್ಕೆ ನಿಂತವರಿಗೆ ನಗುನಗುತ್ತ ಮೀನು ಕೊಟ್ಟಳು. ಎಡಕ್ಕೆ ನಿಂತವರಿಗೆ ಒಂದು ಮಾತೂ ಇಲ್ಲ. "ಹ್ವಾಯ್ ಜಲಜಕ್ಕ, ನಾವೆಂತ ಕಣ್ಣಿಗೆ ಕಾಣ್ತಿಲ್ಯಾ?" ಎಂದು ಹಳೆಯ ಗಿರಾಕಿಯೊಬ್ಬರು ರೇಗಿದರು. ಎಡತುದಿಯ ಬಂಗುಡೆಯನ್ನು ಕಾಗೆ ಕಚ್ಚಿಕೊಂಡು ಹೋದರೂ ಅಮ್ಮ ಕೈ ಎತ್ತಲಿಲ್ಲ. ಕಾಗೆಗೆ ಬೈಯುವುದರಲ್ಲಿ ಇಡೀ ಮಾರ್ಕೆಟ್ಟಿಗೇ ಹೆಸರಾದವಳು! ಮನೆಯಲ್ಲಿ ಬಟ್ಟಲಿನ ಬಲಭಾಗದ ಅನ್ನ ಮಾತ್ರ ಉಂಡು, "ಇಷ್ಟೇಯಾ ಬಡ್ಸುದ್?" ಎಂದು ನನ್ನ ಮೇಲೆ ಹಾರಾಡುತ್ತಿದ್ದಳು. "ಇದ್ ಬೇರೆ ಎಂತದೋ, ಪಾತ್ರಿ ಹತ್ರ ಕೇಂಬ" ಎಂದು ಉಮಾನಾಥ ಮಾವ, ಪಾತ್ರಿಯ ಮೈಮೇಲೆ ದೈವ ಬಂದು ನುಡಿ ಕೊಡುವ ದರ್ಶನಕ್ಕೆ ಅವಳನ್ನು ಹೊರಡಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

ಆಸ್ಪತ್ರೆಯ ಮೇಜಿನ ಮೇಲಿಂದ ಹದಿನಾರು ಪುಟದ ಒಂದು ಪುಸ್ತಿಕೆ ತಂದಿದ್ದೆ. ಕಣ್ಣು ಸರಿಯಿದ್ದರೂ ಗಮನ ಕೊಡುವ ಮಿದುಳಿನ ಭಾಗ ಕೆಟ್ಟರೆ ಎದುರಿಗಿದ್ದದ್ದೂ ಇಲ್ಲವಾಗುತ್ತದಂತೆ. ಬಲ ಮಿದುಳಿಗೆ ಪೆಟ್ಟಾದ ಕೆಲವರಿಗೆ ಎಡಬದಿ ಅಳಿಸಿಹೋಗುತ್ತದೆ; ಎಡದಿಂದ ಕರೆದ ದನಿಯೂ ಬಲದಿಂದ ಬಂದಂತೆ ಅನ್ನಿಸುತ್ತದೆ. ಅಳಿಸಿದ್ದು ಅವರಿಗೆ ತಿಳಿಯುವುದೂ ಇಲ್ಲ. ಒಂದು ಗುರುವಾರ ಮಣೆಯ ಮೇಲೆ ಹತ್ತು ಬಂಗುಡೆ ಸಾಲಾಗಿಟ್ಟು ಎಣಿಸು ಎಂದೆ. ಐದು ಎಂದಳು. ಮಣೆ ತಿರುಗಿಸಿದೆ. ಮತ್ತೆ ಐದೇ, ಆದರೆ ಈ ಸಲ ಬೇರೆ ಐದು. ಮೀನು ನೋಡಿಯೇ ಬದುಕಿದವಳು ಅಕ್ಕ ಅವಳು. ನಾನು ಬಾವಿಕಟ್ಟೆಗೆ ಹೋಗಿ ಅತ್ತುಬಿಟ್ಟೆ.

ನನ್ನ ಭಾಷಣ ನಿನಗೆ ಗೊತ್ತೇ ಇದೆ. ಸೊಕ್ಕು, ಸೋಮಾರಿತನ, ಮೈಮೇಲೆ ಬಂದದ್ದು ಎಂದು ಹೆಸರಿಟ್ಟು ನಾವು ಎಷ್ಟು ಜನರನ್ನು ದೂರ ತಳ್ಳಿದ್ದೇವೋ! ಒಬ್ಬರ ನಡತೆಗೆ ತೀರ್ಪು ಕೊಡುವ ಮೊದಲು ಅವರ ಮಿದುಳಿಗೆ ಏನಾಗಿದೆ ಕೇಳಿ ಎಂದು ಮಾರ್ಕೆಟ್ಟಿನಲ್ಲೇ ಕೂಗಿದೆ. "ಡಾಕ್ಟ್ರಮ್ಮ ಬಂದ್ರ್, ದಾರಿ ಬಿಡಿ" ಎಂದು ಎಲ್ಲ ನಕ್ಕರು. ನಗಲಿ. ಈಗ ಅವರೇ ಗಿರಾಕಿಗಳನ್ನು ಅಮ್ಮನ ಬಲಕ್ಕೆ ಕಳಿಸುತ್ತಾರೆ.

ಡಾಕ್ಟರಿಗೂ ತೋರಿಸಿದೆ, ಹೌದೆಂದರು. ಅವರು ಹೇಳಿದಂತೆ ಮಣೆಯ ಎಡ ಅಂಚಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ. ಕೆಂಪು ಸಿಗುವವರೆಗೆ ಅಮ್ಮ ಕತ್ತು ತಿರುಗಿಸಬೇಕು. ನಿನ್ನೆ ಏಳು ಮೀನು ಎಣಿಸಿದಳು. ಆದರೆ ನಿನ್ನ ಸೀರೆಯನ್ನು ದಿನವೂ ಸವರಿ ನಿನ್ನ ಬಗ್ಗೆಯೇ ಕೇಳುತ್ತಾಳೆ: "ಸೀರೆ ಕಳ್ಸಿತ್ತಲೆ, ಅದ್ ಬಪ್ಪುದಿಲ್ಯಾ?" "ಬಂದಿದ್ದಳು, ನಿನ್ನ ಪಕ್ಕದಲ್ಲೇ ಕೂತಿದ್ದಳು" ಎಂದರೆ ನಂಬುವುದಿಲ್ಲ. ನೀನೇ ಅವಳ ಮೇಲೆ ಮುನಿದಿದ್ದೀಯ ಎಂದುಕೊಂಡಿದ್ದಾಳೆ.

ಬಾ ಅಕ್ಕ. ಮೊದಲು ಬಲಕ್ಕೆ ಕೂರು. ನಿನ್ನ ಮುಖ ಕಂಡ ಮೇಲೆ ದಿನಕ್ಕೊಂದು ಗೇಣು ಎಡಕ್ಕೆ ಸರಿ. ಅಮ್ಮ ನಿನ್ನನ್ನು ಹುಡುಕಿಕೊಂಡು ಬರಲಿ.

ನಿನ್ನ ತಂಗಿ,
ಮೋಕ್ಷಿತಾ

ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು: ಹತ್ತು ಬಂಗುಡೆಯ ಆ ಗುರುವಾರ, ನೀನು ಬಂದ ಭಾನುವಾರಕ್ಕೆ ಮೂರು ದಿನ ಮೊದಲಿನದು. ಯಾರಿಗೂ ಗೊತ್ತಿರಲಿಲ್ಲ ಎಂದದ್ದು ಸುಳ್ಳು. ಗೊತ್ತಿದ್ದೇ ನಿನ್ನ ಕುರ್ಚಿಯನ್ನು ಎಡಕ್ಕೆ ಹಾಕಿದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನಿನ್ನ ಮದುವೆಗೆ ಸಾಕ್ಷಿ ಸಹಿ ಹಾಕಿದ್ದಕ್ಕೆ ಮೂರು ವರ್ಷ ಅಮ್ಮನ ಬೈಗುಳ ತಿಂದವಳು ನಾನು. ಒಂದು ದಿನ ನೀನೂ ತಿನ್ನು ಅನ್ನಿಸಿತು. ಅಮ್ಮನ ನಡತೆಗೆ ಪುಸ್ತಿಕೆಯಲ್ಲಿ ಕಾರಣ ಸಿಕ್ಕಿತು. ನನ್ನದಕ್ಕೂ ಹುಡುಕಿದೆ, ಹದಿನಾರು ಪುಟವೂ. ನನ್ನ ಮಿದುಳಿಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ.