ಘಾಟಿ ಹತ್ತದ ಲಾರಿ

ಆಂಟಾಪ್ ಹಿಲ್, ಮುಂಬೈ
12 ಫೆಬ್ರವರಿ 2023, ರವಿವಾರ

ನಮ್ಮ ಶೀತಲ್‌ಳ ಅಪ್ಪನವರಿಗೆ ಗುರುಬಾಯಿಯ ನಮಸ್ಕಾರಗಳು.

ಆಪರೇಷನ್ ಆದ ಮೇಲೆ ಅತ್ತೆಯವರ ಕಣ್ಣು ಈಗ ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಮೊದಲು ಯಾರ ಮುಖ ನೋಡಿದರು, ಮೈದುನನದೋ ನಿಮ್ಮದೋ? ನಿಮ್ಮದಾದರೆ ಗಡ್ಡ ಬೋಳಿಸಿಕೊಂಡಿದ್ದಿರಿ ತಾನೆ? ಹೊತ್ತಿಗೆ ಸರಿಯಾಗಿ ಅವರ ಕಣ್ಣಿಗೆ ಹನಿ ಹಾಕಿ, ಒಲೆಯ ಹೊಗೆಗೆ ಹೋಗಗೊಡಬೇಡಿ. ನಿಮ್ಮ ಕಾಲು ಬೆಳಗಿನ ಚಳಿಗೆ ಹಿಡಿದುಕೊಳ್ಳುತ್ತಿದ್ದರೆ ಎಣ್ಣೆ ತಿಕ್ಕಿಕೊಳ್ಳಿ, ಹೇಳುವವಳು ಹತ್ತಿರ ಇಲ್ಲವೆಂದು ಬಿಟ್ಟುಬಿಡಬೇಡಿ. ನಾವಿಬ್ಬರೂ ಆರಾಮಾಗಿದ್ದೇವೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅನ್ನುತ್ತೀರಿ. ಫೋನಿನಲ್ಲಿ ನೀವು ಅರ್ಧ ಕೇಳಿ ಉಳಿದರ್ಧಕ್ಕೆ ಕೂಗಾಡುತ್ತೀರಿ. ಕಾಗದದ ಮೇಲೆ ಎಷ್ಟು ಕೂಗಿದರೂ ನನಗೇನೂ ಕೇಳಿಸುವುದಿಲ್ಲ.

ಇನ್ನು ಲಾರಿಯ ಸುದ್ದಿ. ಎಂಜಿನ್ನಿಗೆ ಏನೇನು ಮಾಡಿಸಿದರೆ ಜೋರು ಬರುತ್ತದೆ, ಎಲ್ಲ ಬರೆದಿಡಿ ಎಂದು ಊರಿಗೆ ಹೊರಡುವಾಗ ಹೇಳಿಹೋಗಿದ್ದಿರಲ್ಲ, ನಿಮ್ಮ ಮಗಳು ಐಟಿಐ ನೋಟ್‌ಬುಕ್ಕಿನ ಎರಡು ಪುಟ ತುಂಬಿಸಿದ್ದಾಳೆ. ಟರ್ಬೊ ಕೂಡಿಸಿದರೆ ಎಂಜಿನ್ನಿಗೆ ಗಾಳಿ ಹೆಚ್ಚು ಸಿಗುತ್ತದಂತೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಉರಿಯುತ್ತದಂತೆ, ಉರಿ ಹೆಚ್ಚಾದರೆ ರೇಡಿಯೇಟರ್ ದೊಡ್ಡದು ಬೇಕಂತೆ, ಆ ಜೋರು ತಡೆಯಲು ಕ್ಲಚ್ ಪ್ಲೇಟೂ ಹೊಸದಾಗಬೇಕಂತೆ. ಒಂದು ಸೀರೆ ತಂದರೆ ಕುಪ್ಪಸ, ಲಂಗ, ಬಳೆ ಎಲ್ಲ ಬೇಡುತ್ತದಲ್ಲ, ಹಾಗೆ. ನಿಮ್ಮ ಗೆಳೆಯ ಶೆಟ್ಟೆಪ್ಪ ಮೇಸ್ತ್ರಿ ಪಟ್ಟಿ ನೋಡಿ ಕಣ್ಣರಳಿಸಿದ. “ವೈನಿ, ಮುದುಕಗ ಪೈಲ್ವಾನನ ಉಸಿರು ತುಂಬಿದ್ರ ಎದಿ ಒಡೀತದ” ಎಂದ. ಅವಳು ಬಿಡಬೇಕಲ್ಲ? ನಿನ್ನೆ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ ಆರೂ ಸಿಲಿಂಡರಿನ ಒತ್ತಡ ತಾನೇ ಅಳೆದಳು. ಆರೂ ಗಟ್ಟಿಯಾಗಿವೆ! “ಮಮ್ಮಿ, ಎಂಜಿನ್ ಏಕದಮ್ ಠೀಕ್ ಇದೆ. ಪೆಹಲೆ ಡೀಸೆಲ್ ಪಂಪ್ ಚೆಕ್ ಮಾಡಬೇಕು” ಎಂದಳು. ಪಂಪ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶೆಟ್ಟೆಪ್ಪ ಚಹಾ ಕುಡಿಯಲು ಎದ್ದುಹೋದ, ಸಂಜೆಯವರೆಗೆ ಪತ್ತೆ ಇಲ್ಲ.

ನಮ್ಮೂರಿನವನಾದ ಶೆಟ್ಟೆಪ್ಪನ ಹೊರತು ಬೇರೆಯವರು ಪಂಪಿಗೆ ಕೈಹಚ್ಚಬಾರದು ಎಂಬುದು ನಿಮ್ಮ ಹಟ. ಮಗಳ ಹಟ ಅದಕ್ಕಿಂತ ದೊಡ್ಡದು. ವಡಾಲಾದ ಪಂಪಿನ ಅಂಗಡಿಯಲ್ಲಿ ಇಪ್ಪತ್ತನೇ ತಾರೀಖು, ನೀವು ಬಂದ ಮರುದಿನವೇ, ಪಂಪ್ ಇಳಿಸಿ ಮಷಿನ್ನಿನ ಮೇಲೆ ಪರೀಕ್ಷೆ ಮಾಡಿಸಲು ದಿನ ಗೊತ್ತುಮಾಡಿ ಬಂದಿದ್ದಾಳೆ.

ಮಾಡಿಸಲಿ ಬಿಡಿ. ಮುರಿದ ಕಾಲು ವಾಸಿಯಾಗಿ ನೀವು ಮತ್ತೆ ಸ್ಟೇರಿಂಗ್ ಹಿಡಿದ ದಿನದಿಂದ ಲಾರಿ ಎಳೆಯುತ್ತಿಲ್ಲ. ಆಗ ಆರು ತಿಂಗಳು ನಿಂತಲ್ಲೇ ನಿಂತು ಎಂಜಿನ್ ಸೊರಗಿತು ಅಂದಿರಿ. ಹೋದ ತಿಂಗಳು ಕಸಾರಾ ಘಾಟಿಯಲ್ಲಿ ನೀರಿನ ಟ್ಯಾಂಕರುಗಳೂ ನಿಮ್ಮನ್ನು ಹಿಂದೆ ಹಾಕಿ ಹೋದವೆಂದು ಊಟ ಬಿಟ್ಟು ಕೂತಿರಿ. “ಲಾರಿಗೂ ವಯಸ್ಸಾತು, ನನಗೂ ವಯಸ್ಸಾತು. ಟರ್ಬೊಕ್ಕೂ ಬಗ್ಗಲಿಲ್ಲಂದ್ರ ಮಾರಿಬಿಡೂಣು, ಮುಲುಂಡಿನ್ಯಾಗ ವಾಚಮನ್ ಆಗ್ತೀನಿ” ಅಂದಿರಿ. ನೀವು ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು, ಬರುವ ಹೋಗುವ ಕಾರುಗಳಿಗೆ ಸಲಾಮು ಹೊಡೆಯುವುದನ್ನು ನೋಡಲು ನನ್ನಿಂದಾಗದು.

ಅತ್ತೆಯವರಿಗೆ ನನ್ನ ಶರಣು, ಮೈದುನನ ಮಕ್ಕಳಿಗೆ ಆಶೀರ್ವಾದ. ಬರುವಾಗ ಜೋಳದ ಹಿಟ್ಟು ತನ್ನಿ, ಇಲ್ಲಿಯದು ರೊಟ್ಟಿ ಬಡಿದರೆ ಬಿರಿಯುತ್ತದೆ.

ನಿಮ್ಮ
ಗುರುಬಾಯಿ

ತಾ.ಕ.: ಕಾಗದ ಒಯ್ಯುವ ಹಣಮಂತ ಗಾಡಿ ತಪ್ಪುತ್ತದೆಂದು ಬಾಗಿಲಲ್ಲಿ ನಿಂತು ಒಂದೇ ಸಮನೆ ಅವಸರ ಮಾಡುತ್ತಿದ್ದಾನೆ. ಅಂಗಡಿಯವನ ಬಾಯಿಂದ ನಿಮಗೆ ತಿಳಿಯುವುದು ಬೇಡ, ನಾನೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಘಾಟಿಯಲ್ಲಿ ಇನ್ನೊಬ್ಬನನ್ನು ಹಿಂದೆ ಹಾಕಲು ಹೋಗಿ, ಕಾಲು ಮುರಿದುಕೊಂಡು ಪರೇಲಿನ ಆಸ್ಪತ್ರೆಯಲ್ಲಿ ಮಲಗಿದ್ದಿರಲ್ಲ, ಆಗ ನಾನೇ ಶೆಟ್ಟೆಪ್ಪನ ಕೈಯಿಂದ ಪಂಪಿನ ಸ್ಕ್ರೂ ಬಿಗಿ ಮಾಡಿಸಿದೆ. ಡೀಸೆಲ್ ಕಡಿಮೆ ಹೋಗಲಿ, ಲಾರಿ ಜೋರಾಗಿ ಓಡದಿರಲಿ ಎಂದು. ಅವನಿಗೆ ನಿಮ್ಮದೇ ಆಣೆ ಹಾಕಿ ಬಾಯಿ ಕಟ್ಟಿದ್ದೇನೆ, ಅವನನ್ನು ಬೈಯಬೇಡಿ. ಲಾರಿಗೆ ವಯಸ್ಸಾಗಿಲ್ಲ, ನಿಮಗೂ ಆಗಿಲ್ಲ. ನನಗೆ ಹೆದರಿಕೆಯಾಗಿತ್ತು. ಟರ್ಬೊ ಆಮೇಲೆ ನೋಡೋಣ, ಮೊದಲು ಸ್ಕ್ರೂ ಸಡಿಲಿಸೋಣ. ನನ್ನನ್ನು ಬೈಯುವುದಿದ್ದರೆ ಕಸಾರಾ ಘಾಟಿ ಹತ್ತುತ್ತ ಬೈಯಿರಿ, ಕ್ಲೀನರ್ ಸೀಟಿನಲ್ಲಿ ನಾನೇ ಕೂತಿರುತ್ತೇನೆ.